ಓದುವ ಹೊತ್ತಿಗೊಂದು ಬೀಗ

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿರುವ ಯಾರನ್ನಾದರೂ ಕೇಳಿ ನೋಡಿ. ಪಾಠ ಇರುವುದು ಯೂಟ್ಯೂಬಿನಲ್ಲಿ. ನೋಟ್ಸ್ ಬರುವುದು ಟೆಲಿಗ್ರಾಂನಲ್ಲಿ. ನಾಳೆಯ ಟೆಸ್ಟ್ ಎಷ್ಟು ಗಂಟೆಗೆ ಎಂದು ಗೊತ್ತಾಗುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಹೊತ್ತು ಕೈಜಾರುವುದೂ ಇದೇ ಮೂರು ಕಡೆ. ಸಂವಿಧಾನದ ತಿದ್ದುಪಡಿಗಳ ಪಾಠ ಹುಡುಕಲು ಯೂಟ್ಯೂಬ್ ತೆರೆದವರಿಗೆ ಮೊದಲು ಕಾಣುವುದು ನಿನ್ನೆಯ ಪಂದ್ಯದ ಹೈಲೈಟ್ಸ್, ಅದರ ಪಕ್ಕ ಹೊಸ ಸಿನಿಮಾದ ಟ್ರೈಲರ್, ಕೆಳಗೆ ಶಾರ್ಟ್ಸ್ ಸಾಲು. ಮುಕ್ಕಾಲು ಗಂಟೆ ಕಳೆದ ಮೇಲೆ ತಿದ್ದುಪಡಿ ನೆನಪಾಗುತ್ತದೆ. "ಮೊಬೈಲು ಕಪಾಟಿನಲ್ಲಿಟ್ಟು ಓದಿಕೋ" ಎನ್ನುವ ಮನೆಯವರ ಮಾತು ತಪ್ಪಲ್ಲ. ಆದರೆ ಪಾಠವೇ ಮೊಬೈಲಿನೊಳಗೆ ಇರುವಾಗ ಅದು ನಡೆಯುವ ಮಾತಲ್ಲ. ಮನೆಯಿಂದಲೇ ಆಫೀಸಿನ ಕೆಲಸ ಮಾಡುವವರು, ಅನುವಾದಕರು, ಪಿಎಚ್‌.ಡಿ. ಪ್ರಬಂಧ ಮುಗಿಸಬೇಕಾದವರು, ಎಲ್ಲರ ಪಾಡೂ ಇದೇ.

ಇದಕ್ಕೆಂದೇ ಇರುವ ತಂತ್ರಾಂಶಗಳಿಗೆ ವೆಬ್‌ಸೈಟ್ ಬ್ಲಾಕರ್ ಎನ್ನುತ್ತಾರೆ. ನಾವೇ ಆರಿಸಿದ ತಾಣಗಳನ್ನು ನಾವೇ ಗೊತ್ತು ಮಾಡಿದ ಹೊತ್ತಿನಲ್ಲಿ ತೆರೆಯದಂತೆ ತಡೆಯುವುದಷ್ಟೇ ಇವುಗಳ ಕೆಲಸ. ಹಲವು ಪುಕ್ಕಟೆ ಸಿಗುತ್ತವೆ, ಹಾಕಿಕೊಳ್ಳಲು ಐದು ನಿಮಿಷ ಸಾಕು. ಆದರೂ ಹಾಕಿಕೊಂಡವರಲ್ಲಿ ಬಹಳ ಮಂದಿ ವಾರದೊಳಗೆ ಕಿತ್ತು ಹಾಕುತ್ತಾರೆ. ನಾನು ಕಂಡಂತೆ ಅದಕ್ಕೆ ಕಾರಣ ಎರಡು. ಒಂದೋ ಬೀಗ ತೀರಾ ಸಡಿಲ, ಒಂದು ಬಟನ್ ಒತ್ತಿದರೆ ತೆರೆದುಕೊಳ್ಳುತ್ತದೆ. ಇಲ್ಲವೇ ಬೀಗ ತಪ್ಪು ಬಾಗಿಲಿಗೆ ಬಿದ್ದಿರುತ್ತದೆ, ಹಾಳು ಹರಟೆಯ ಜೊತೆಗೆ ಬೇಕಾದ ಪಾಠವೂ ಒಳಗೇ ಉಳಿದುಬಿಡುತ್ತದೆ. ಯಾವ ತಂತ್ರಾಂಶ ಒಳ್ಳೆಯದು ಎಂಬ ಪ್ರಶ್ನೆಗಿಂತ ಈ ಎರಡನ್ನು ಸರಿಪಡಿಸಿಕೊಳ್ಳುವುದು ಮುಖ್ಯ.

ಅದಕ್ಕೆ ಮುಂಚೆ ಒಂದು ಮಾತು. ಇದನ್ನು ಮನಸ್ಸಿನ ದೌರ್ಬಲ್ಯ ಎಂದು ಬಗೆದು ನಾಚಿಕೊಳ್ಳುವವರಿದ್ದಾರೆ, ನಾಚಿಕೊಳ್ಳಬೇಕಾಗಿಲ್ಲ. ಪುಟದ ಕೊನೆಯೇ ಸಿಗದಂತೆ ಎಳೆದಷ್ಟೂ ಹೊಸದು ಬರುತ್ತಿರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್, ಅದರಿಂದ ಜನರ ಸಮಯ ಹಾಳಾದುದಕ್ಕೆ ತಾವೇ ಮುಂದೆ ಬಹಿರಂಗವಾಗಿ ವಿಷಾದಿಸಿದ್ದಾರೆ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗ ಶುರುವಾದದ್ದೂ ಇಲ್ಲೇ. ಖಾಲಿಯಾದ ಜಾಗ ಮೂರು ತಿಂಗಳೂ ಖಾಲಿ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕೆಲಸದ ಹೊತ್ತಿನಲ್ಲಿ ಜನರ ಗಮನ ಒಂದು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ವರ್ಷಗಟ್ಟಲೆ ಅಳೆದವರು. 2004ರ ಸುಮಾರಿಗೆ ಸರಾಸರಿ ಎರಡೂವರೆ ನಿಮಿಷ ಇದ್ದದ್ದು ಈಚಿನ ವರ್ಷಗಳಲ್ಲಿ 47 ಸೆಕೆಂಡಿಗೆ ಇಳಿದಿದೆ ಎಂದು ಅವರು 2023ರ ಪುಸ್ತಕದಲ್ಲಿ ಬರೆದಿದ್ದಾರೆ. ನಮ್ಮ ಗಮನ ಸೆಳೆಯಲು ಅತ್ತ ಇಷ್ಟು ಜನ ಸಂಬಳ ಪಡೆದು ದುಡಿಯುತ್ತಿರುವಾಗ ಇತ್ತ ನಾವು ಬರೀ ಮನೋನಿಗ್ರಹ ನೆಚ್ಚಿಕೊಂಡು ಕೂರುವುದು ನ್ಯಾಯವಾದ ಸ್ಪರ್ಧೆಯಲ್ಲ.

ಮೊದಲು ಲೆಕ್ಕ

ಬೀಗ ಹಾಕುವ ಮುನ್ನ ಒಂದು ವಾರ ಏನನ್ನೂ ಬದಲಿಸದೆ ಸುಮ್ಮನೆ ಗಮನಿಸಿ. ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ವಿಭಾಗವಿದೆ. 2018ರ ಆ್ಯಂಡ್ರಾಯ್ಡ್ 9ರ ಜೊತೆ ಬಂದದ್ದು. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ ಫೋನ್ ಅನ್‌ಲಾಕ್ ಆಯಿತು, ಎಷ್ಟು ನೋಟಿಫಿಕೇಶನ್ ಬಂತು ಎಂಬ ಲೆಕ್ಕವೆಲ್ಲ ಅಲ್ಲಿ ಸಿಗುತ್ತದೆ. ಐಫೋನ್‌ನಲ್ಲಿ ಅದೇ ವರ್ಷ ಬಂದ ಸ್ಕ್ರೀನ್ ಟೈಮ್ ಇದೇ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪ್ ಬಳಸುವವರು ಬ್ರೌಸರಿನ ಹಿಸ್ಟರಿ ತೆರೆದು ನೋಡಿದರೂ ಸಾಕು.

ಒಟ್ಟು ಗಂಟೆಗಳಿಗಿಂತ ಹೆಚ್ಚಿನದನ್ನು ಹೇಳುವುದು ಆ ಗಂಟೆಗಳು ಬಿದ್ದಿರುವ ಹೊತ್ತು. ಕೆಲವರಿಗೆ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಹೋಗುವ ನಲವತ್ತು ನಿಮಿಷ ದೊಡ್ಡದು. ಕೆಲವರಿಗೆ ಮಧ್ಯಾಹ್ನ ಊಟವಾದ ಮೇಲೆ. ಇನ್ನು ಕೆಲವರಿಗೆ ಕೆಲಸ ಕಷ್ಟವಾದ ಗಳಿಗೆಯೇ ಅಪಾಯದ ಗಳಿಗೆ: ಲೆಕ್ಕ ಬಿಡಿಸಲು ಬರಲಿಲ್ಲ, ಪ್ಯಾರಾದ ಮೊದಲ ಸಾಲು ಹೊಳೆಯಲಿಲ್ಲ, ಕೈ ತಾನಾಗಿ ಹೊಸ ಟ್ಯಾಬ್ ತೆರೆಯಿತು. ಈ ಮೂರನೆಯ ಗುಂಪಿನವರಿಗೆ ಬ್ಲಾಕರ್ ಅತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ. ತಾಣ ತೆರೆಯದೆ ಹೋದಾಗಲೇ ಅವರಿಗೆ ತಾವು ಅಲ್ಲಿಗೆ ಹೊರಟಿದ್ದು ಅರಿವಾಗುತ್ತದೆ. ಅರಿವಾದ ಮೇಲೆ ಲೆಕ್ಕಕ್ಕೆ ಮರಳುವುದು ಅಷ್ಟು ಕಷ್ಟವಲ್ಲ.

ಇನ್ನೊಂದು ಸಂಗತಿಯೂ ಈ ವಾರದಲ್ಲೇ ಗೊತ್ತಾಗುತ್ತದೆ. ಇನ್‌ಸ್ಟಾಗ್ರಾಂ ಮುಚ್ಚಿದರೆ ಮನಸ್ಸು ಕ್ರಿಕ್‌ಬಜ್‌ಗೆ ಹೋಗುತ್ತದೆ, ಅದನ್ನು ಮುಚ್ಚಿದರೆ ಸುದ್ದಿತಾಣಕ್ಕೆ, ಅದೂ ಇಲ್ಲವೆಂದರೆ ಅಮೆಜಾನ್‌ನಲ್ಲಿ ಬೇಡದ ಚಪ್ಪಲಿಯ ಬೆಲೆ ನೋಡುತ್ತ ಕೂರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಮೊದಲ ಹೆಸರಷ್ಟೇ ಇದ್ದರೆ ಸಾಲದು, ಎರಡನೆಯದೂ ಮೂರನೆಯದೂ ಇರಬೇಕು. ಹಾಗಂತ ಐವತ್ತು ತಾಣ ಬರೆದಿಡಬೇಕಿಲ್ಲ. ಬಹುಪಾಲು ಜನರ ಹೊತ್ತು ತಿನ್ನುವುದು ಆರೇಳು ತಾಣ, ಅಷ್ಟೇ.

ಬಿಡಿಸಿಕೊಳ್ಳಲು ಎಷ್ಟು ಕಷ್ಟ?

2008ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಫ್ರೆಡ್ ಸ್ಟಟ್ಸ್‌ಮನ್ ತಮ್ಮ ಬರವಣಿಗೆ ಮುಗಿಸಲೆಂದು ಒಂದು ಪುಟ್ಟ ತಂತ್ರಾಂಶ ಬರೆದರು. ಹೆಸರು ಫ್ರೀಡಂ. ಗೊತ್ತು ಮಾಡಿದಷ್ಟು ಹೊತ್ತು ಮ್ಯಾಕ್ ಕಂಪ್ಯೂಟರಿನ ಇಂಟರ್ನೆಟ್ಟನ್ನೇ ಅದು ನಿಲ್ಲಿಸಿಬಿಡುತ್ತಿತ್ತು. ನಡುವೆ ಬೇಕೆಂದರೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕಿತ್ತು. ಆ ಕಾಲದ ಕಂಪ್ಯೂಟರಿಗೆ ರೀಸ್ಟಾರ್ಟ್ ಎಂದರೆ ತೆರೆದದ್ದೆಲ್ಲ ಮುಚ್ಚಿ ಕೆಲವು ನಿಮಿಷ ಕಾಯುವ ಕೆಲಸ. ಅಷ್ಟು ಬೇಸರ ಯಾರಿಗೆ ಬೇಕು, ಕೂತು ಬರೆದರು. ಮರುವರ್ಷ ಸ್ಟೀವ್ ಲ್ಯಾಂಬರ್ಟ್ ಎಂಬ ಕಲಾವಿದರ ಯೋಚನೆಯಿಂದ ಹುಟ್ಟಿದ ಸೆಲ್ಫ್‌ಕಂಟ್ರೋಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇದೂ ಮ್ಯಾಕ್‌ಗೆ, ಪುಕ್ಕಟೆ, ಇಂದಿಗೂ ಬಳಕೆಯಲ್ಲಿದೆ. ಒಮ್ಮೆ ಶುರು ಮಾಡಿದರೆ ರೀಸ್ಟಾರ್ಟ್ ಮಾಡಿ, ತಂತ್ರಾಂಶವನ್ನೇ ಡಿಲೀಟ್ ಮಾಡಿ, ಹೊತ್ತು ಮುಗಿಯುವ ತನಕ ತಡೆ ಹೋಗುವುದಿಲ್ಲ. ಇಂಗ್ಲಿಷ್ ಕಾದಂಬರಿಗಾರ್ತಿ ಜೇಡಿ ಸ್ಮಿತ್ 2012ರ ತಮ್ಮ ಕಾದಂಬರಿಯ ಕೃತಜ್ಞತೆಯ ಪುಟದಲ್ಲಿ ಈ ಎರಡೂ ತಂತ್ರಾಂಶಗಳ ಹೆಸರು ಹಾಕಿದ್ದಾರೆ. ಬರೆಯಲು ಸಮಯ ದೊರಕಿಸಿಕೊಟ್ಟದ್ದಕ್ಕೆ.

ಈ ಎರಡು ತಂತ್ರಾಂಶಗಳಿಂದ ಕಲಿಯಬೇಕಾದ ಪಾಠ ಇದೇ: ತಡೆಯ ಬೆಲೆ ಇರುವುದು ಅದನ್ನು ಬಿಡಿಸಿಕೊಳ್ಳಲು ತಗಲುವ ಶ್ರಮದಲ್ಲಿ. ಬೆಳಿಗ್ಗೆ ತಂಪು ತಲೆಯಲ್ಲಿ ಕೂತು ನಿರ್ಧರಿಸುವ ನೀವು, ಮಧ್ಯಾಹ್ನ ಮೂರಕ್ಕೆ ಬೇಸತ್ತು ಮೌಸ್ ಹಿಡಿದಿರುವ ನೀವು, ಇಬ್ಬರ ಲೆಕ್ಕಾಚಾರವೂ ಬೇರೆ ಬೇರೆ. ಬೆಳಗಿನವರು ಹಾಕಿದ ಬೀಗವನ್ನು ಮಧ್ಯಾಹ್ನದವರು ಒಂದೇ ಕ್ಲಿಕ್ಕಿನಲ್ಲಿ ತೆಗೆಯುವಂತಿದ್ದರೆ ಹಾಕಿಯೂ ಫಲವಿಲ್ಲ.

ಬಿಗಿ ಹೇಗೆ ಏರುತ್ತದೆ ಎಂಬುದು ತಡೆ ಎಲ್ಲಿ ಬೀಳುತ್ತದೆ ಎಂಬುದರ ಮೇಲಿದೆ. ಬ್ರೌಸರಿಗೆ ಸೇರಿಸುವ ಎಕ್ಸ್‌ಟೆನ್ಷನ್ ಆ ಒಂದು ಬ್ರೌಸರಿನೊಳಗೆ ಮಾತ್ರ ಕೆಲಸ ಮಾಡುತ್ತದೆ. ಕ್ರೋಮ್‌ನಲ್ಲಿ ತಡೆದರೆ ಎಡ್ಜ್‌ನಲ್ಲಿ ತೆರೆಯಬಹುದು. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕೂಡ ತೆರೆಯಬಹುದು, ಆ ಕಿಟಕಿಗೂ ಅನುಮತಿ ಕೊಡುವ ಗುಂಡಿಯನ್ನು ಎಕ್ಸ್‌ಟೆನ್ಷನ್ ಸೆಟ್ಟಿಂಗ್‌ನಲ್ಲಿ ಒತ್ತಿರದಿದ್ದರೆ. ಅದಕ್ಕಿಂತ ಕೆಳಗಿನದು ಕಂಪ್ಯೂಟರಿನ ಮಟ್ಟದ ತಡೆ. ಎಲ್ಲ ಕಂಪ್ಯೂಟರಿನಲ್ಲೂ ಹೋಸ್ಟ್ಸ್ ಎಂಬ ಪುಟ್ಟ ಫೈಲ್ ಇರುತ್ತದೆ. ಒಂದು ತಾಣದ ಹೆಸರು ಕೊಟ್ಟಾಗ ಅದರ ವಿಳಾಸ ಎಲ್ಲಿದೆ ಎಂದು ಯಂತ್ರ ಮೊದಲು ನೋಡುವುದು ಈ ಫೈಲಿನಲ್ಲಿ. ಅಲ್ಲಿ ಇನ್‌ಸ್ಟಾಗ್ರಾಂ ಹೆಸರಿನ ಮುಂದೆ 127.0.0.1 ಎಂದು ಬರೆದರೆ, ಅಂದರೆ 'ಈ ಕಂಪ್ಯೂಟರೇ' ಎಂದರೆ, ಬ್ರೌಸರು ಹೊರಗೆ ಹೋಗುವ ಬದಲು ತನ್ನ ಯಂತ್ರದಲ್ಲೇ ಹುಡುಕಿ ಬರಿಗೈಯಲ್ಲಿ ಮರಳುತ್ತದೆ. ಸೆಲ್ಫ್‌ಕಂಟ್ರೋಲ್ ಬಳಸುವ ಉಪಾಯಗಳಲ್ಲಿ ಇದೂ ಒಂದು. ಮೂರನೆಯದು ಮನೆಯ ವೈಫೈಗೇ ತಡೆ. ರೂಟರಿನಲ್ಲಿ ನೆಕ್ಸ್ಟ್‌ಡಿಎನ್‌ಎಸ್‌ನಂಥ ಸೇವೆ ಹೊಂದಿಸಿದರೆ ಮನೆಯ ಎಲ್ಲ ಸಾಧನಗಳಿಗೂ ಅನ್ವಯಿಸುತ್ತದೆ. ಕೇಳಲು ಚೆಂದ, ಆದರೆ ಫೋನನ್ನು ವೈಫೈಯಿಂದ ಮೊಬೈಲ್ ಡೇಟಾಕ್ಕೆ ತಿರುಗಿಸಿದರೆ ಮುಗಿಯಿತು. ದಿನಕ್ಕೆ ಒಂದೂವರೆ ಎರಡು ಜಿಬಿ ಡೇಟಾ ಎಲ್ಲರ ಕೈಯಲ್ಲೂ ಇರುವ ನಮ್ಮ ಊರುಗಳಲ್ಲಿ ರೂಟರ್ ತಡೆಯನ್ನೇ ನೆಚ್ಚಬೇಡಿ.

ವಿಂಡೋಸ್ ಬಳಸುವವರಿಗೆ ಬಿಗಿಯಾದದ್ದು ಬೇಕೆಂದರೆ ಕೋಲ್ಡ್ ಟರ್ಕಿ. ತಾಣಗಳನ್ನು ತಡೆಯಲು ಪುಕ್ಕಟೆ ಆವೃತ್ತಿಯೇ ಸಾಕು. ಹೊತ್ತು ಮುಗಿಯುವ ತನಕ ಬೀಗ ಹಾಕಿಟ್ಟರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡುವುದೂ ಸುಲಭವಲ್ಲ. ಮೊದಲ ಸಲ ಹದಿನೈದು ನಿಮಿಷಕ್ಕೆ ಹಾಕಿ ಪರೀಕ್ಷಿಸಿ. ಪಟ್ಟಿಯಲ್ಲಿ ತಪ್ಪಿ ಆಫೀಸಿನ ಇಮೇಲ್ ಸೇರಿಸಿ ಎಂಟು ಗಂಟೆಯ ಬೀಗ ಒತ್ತಿದರೆ ಆ ದಿನ ಮ್ಯಾನೇಜರಿಗೆ ಹೇಳಲು ಮಾತೇ ಸಿಗದು.

ಪಾಠ ಬೇಕು, ಹೋಮ್‌ಪೇಜ್ ಬೇಡ

ಇನ್ನು ಎರಡನೆಯ ತೊಡಕು, ತಪ್ಪು ಬಾಗಿಲಿಗೆ ಬಿದ್ದ ಬೀಗ. ಧಾರವಾಡದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಬ್ಲಾಕರ್ ಹಾಕಿಕೊ ಎಂದಾಗ ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ: "ಯೂಟ್ಯೂಬ್ ಪೂರಾ ಬಂದ್ ಮಾಡಿದ್ರ ಕ್ಲಾಸ್ ಎಲ್ಲಿ ನೋಡ್ಬೇಕ್ರಿ ಮಾಮಾ?" ಪೂರಾ ಬಂದ್ ಮಾಡಬೇಕಿಲ್ಲ. ಯೂಟ್ಯೂಬಿನಲ್ಲಿ ಹೊತ್ತು ಹಾಳಾಗುವುದು ನಾವು ಹುಡುಕಿ ಹೋದ ವಿಡಿಯೊದಲ್ಲಲ್ಲ, ನಾವು ಕೇಳದೆಯೇ ಅದು ತಂದು ಮುಂದಿಡುವ ವಿಡಿಯೊಗಳಲ್ಲಿ. ಮುಚ್ಚಬೇಕಾದದ್ದು ಅವನ್ನು.

ಎಲ್ಲಕ್ಕಿಂತ ಸುಲಭದ ದಾರಿಗೆ ಯಾವ ತಂತ್ರಾಂಶವೂ ಬೇಡ. ಯೂಟ್ಯೂಬಿನ ಸೆಟ್ಟಿಂಗ್ಸ್‌ನಲ್ಲಿ ವಾಚ್ ಹಿಸ್ಟರಿ, ಅಂದರೆ ನೋಡಿದ್ದರ ದಾಖಲೆಯನ್ನು ನಿಲ್ಲಿಸಿ, ಹಳೆಯದನ್ನು ಅಳಿಸಿ. 2023ರ ಆಗಸ್ಟ್‌ನಿಂದ ಯೂಟ್ಯೂಬ್ ಹೀಗೆ ಮಾಡಿದವರಿಗೆ ಹೋಮ್‌ಪೇಜಿನಲ್ಲಿ ಶಿಫಾರಸುಗಳನ್ನು ತೋರಿಸುವುದಿಲ್ಲ. ತೆರೆದರೆ ಹುಡುಕುವ ಪಟ್ಟಿಯೊಂದೇ, ಉಳಿದಂತೆ ಪುಟ ಖಾಲಿ. ಬೇಕಾದ ಪಾಠದ ಹೆಸರು ಬರೆದು ಹುಡುಕಿ, ನೋಡಿ, ಮುಚ್ಚಿ. ಯಾವ ವಿಡಿಯೊ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ಯೂಟ್ಯೂಬಿಗೆ ನೆನಪಿರದು, ಅದನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಇಡೀ ಲೇಖನದಲ್ಲಿ ಒಂದನ್ನೇ ಮಾಡುವವರಿದ್ದರೆ ಇದನ್ನೇ ಮಾಡಿ ಎನ್ನುವೆ.

ಲ್ಯಾಪ್‌ಟಾಪಿನಲ್ಲಿ ಓದುವವರು ಇನ್ನಷ್ಟು ಬಿಗಿ ಮಾಡಬಹುದು. ನಾನು ಬಳಸುವುದು ಲೀಚ್‌ಬ್ಲಾಕ್ ಎಂಬ ಎಕ್ಸ್‌ಟೆನ್ಷನ್. ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಮೂರಕ್ಕೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ನೋಡಲು ಹಳೆಯ ಕಾಲದ ಅರ್ಜಿ ನಮೂನೆಯಂತಿದೆ, ಹೆದರಬೇಡಿ. ತೆರೆದರೆ ಮೊದಲ ಪೆಟ್ಟಿಗೆಯಲ್ಲಿ ತಡೆಯಬೇಕಾದ ತಾಣಗಳನ್ನು ಸಾಲಿಗೊಂದರಂತೆ ಬರೆಯಬೇಕು. ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ನಾವು ಮೊದಲ ಸಾಲಿನಲ್ಲಿ ಯೂಟ್ಯೂಬಿನ ವಿಳಾಸ ಹಾಕಿದೆವು. ಅಷ್ಟೇ ಬಿಟ್ಟಿದ್ದರೆ ಇಡೀ ತಾಣ ಮುಚ್ಚಿಹೋಗುತ್ತಿತ್ತು. ಅದರ ಕೆಳಗಿನ ಸಾಲುಗಳಲ್ಲಿ ಕೂಡಿಸುವ ಚಿಹ್ನೆ + ಇಟ್ಟು, ಯೂಟ್ಯೂಬಿನಲ್ಲಿ ಒಂದು ವಿಡಿಯೊ ತೆರೆದಾಗ ವಿಳಾಸದ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗೆ ಮುಂಚೆ ಕಾಣುವಷ್ಟು ಭಾಗವನ್ನು ಬರೆದೆವು. ಪ್ಲೇಲಿಸ್ಟ್ ಪುಟಕ್ಕೂ ಹಾಗೆಯೇ. + ಇರುವ ಸಾಲು ಎಂದರೆ 'ಇದೊಂದನ್ನು ಬಿಟ್ಟು' ಎಂದು ಅರ್ಥ. ಈಗ ಹೋಮ್‌ಪೇಜ್ ತೆರೆಯದು, ಶಾರ್ಟ್ಸ್ ತೆರೆಯದು. ಬುಕ್‌ಮಾರ್ಕ್ ಮಾಡಿಟ್ಟ ಪಾಠದ ಪ್ಲೇಲಿಸ್ಟ್ ತೆರೆಯುತ್ತದೆ. ಪಾಠ ನೋಡುವಾಗ ಬಲಗಡೆ ಸಾಲುಗಟ್ಟುವ ಬೇರೆ ವಿಡಿಯೊಗಳು ಇನ್ನೂ ಇರುತ್ತವಲ್ಲ, ಅವನ್ನು ಮರೆಮಾಡಲು ಅನ್‌ಹುಕ್ ಎಂಬ ಇನ್ನೊಂದು ಪುಟ್ಟ ಎಕ್ಸ್‌ಟೆನ್ಷನ್ ಇದೆ. ಕಾಮೆಂಟುಗಳನ್ನೂ ಅದು ಮರೆಸುತ್ತದೆ.

ಎರಡನೆಯ ಪೆಟ್ಟಿಗೆ ಹೊತ್ತಿನದು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಏಳರಿಂದ ಹತ್ತು ಎಂದಿದ್ದರೆ 0600-0900,1900-2200 ಎಂದು ನಡುವೆ ಅಲ್ಪವಿರಾಮ ಕೊಟ್ಟು ಬರೆದರಾಯಿತು. ಕೆಳಗೆ ವಾರದ ದಿನಗಳಿವೆ. ಶನಿವಾರ ಭಾನುವಾರಕ್ಕೂ ಬೇಕೆಂದರೆ ಗುರುತು ಹಾಕಿದೆಯೇ ನೋಡಿಕೊಳ್ಳಿ, ಪರೀಕ್ಷೆಗೆ ಓದುವವರ ಹೊತ್ತು ಹೆಚ್ಚು ಹೋಗುವುದು ಆ ಎರಡು ದಿನವೇ. ಪೂರ್ತಿ ತಡೆ ಬೇಡ, ಗಂಟೆಗೆ ಹತ್ತು ನಿಮಿಷ ಇರಲಿ ಎನ್ನುವವರಿಗೆ ಅದಕ್ಕೂ ಜಾಗವಿದೆ.

ಬಿಗಿಯ ವಿಷಯ ಇರುವುದು ಇದಾದ ಮೇಲೆ. ತಡೆ ಜಾರಿಯಲ್ಲಿರುವ ಹೊತ್ತಿನಲ್ಲಿ ಲೀಚ್‌ಬ್ಲಾಕ್‌ನ ಸೆಟ್ಟಿಂಗ್ ಪುಟವನ್ನೇ ತೆರೆಯದಂತೆ ಮಾಡುವ ಆಯ್ಕೆ ಇದೆ. ಅಷ್ಟು ಬೇಡವೆಂದರೆ, ಸೆಟ್ಟಿಂಗ್ ತೆರೆಯಲು ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲೊಂದನ್ನು ಟೈಪ್ ಮಾಡಲೇಬೇಕು ಎಂದು ವಿಧಿಸಬಹುದು. ಆ ಸಾಲು 32, 64, 128 ಅಕ್ಷರದ್ದು ಇರುತ್ತದೆ. ನಾನು 64 ಅಕ್ಷರಕ್ಕೆ ಇಟ್ಟಿದ್ದೇನೆ. ನಿಜವಾಗಿ ಕೆಲಸವಿದ್ದಾಗ ಎರಡು ನಿಮಿಷದ ಟೈಪಿಂಗ್ ದೊಡ್ಡದಲ್ಲ. ಸುಮ್ಮನೆ ಬೇಸರಕ್ಕೆ ಹೊರಟಿದ್ದಾದರೆ ಹತ್ತನೆಯ ಅಕ್ಷರಕ್ಕೇ ಸಾಕೆನಿಸುತ್ತದೆ.

ತಡೆದ ತಾಣದ ಬದಲು ಯಾವ ಪುಟ ತೆರೆಯಬೇಕು ಎಂಬುದನ್ನೂ ನಾವೇ ಹೇಳಬಹುದು, ಇದು ನನಗೆ ಬಹಳ ಹಿಡಿಸಿದ ಸೌಲಭ್ಯ. ನನ್ನ ಬ್ರೌಸರಿನಲ್ಲಿ ಫೇಸ್‌ಬುಕ್ ತೆರೆಯಲು ಹೋದರೆ ವಿ. ಕೃಷ್ಣ ಅವರು ಕಟ್ಟಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು ತೆರೆಯುತ್ತದೆ. ಅಕ್ಕನ ಮಗ ಅದೇ ಜಾಗದಲ್ಲಿ ತನ್ನ ಪರೀಕ್ಷೆಯ ಪಠ್ಯಕ್ರಮದ ಪುಟ ಇಟ್ಟುಕೊಂಡಿದ್ದಾನೆ.

ಇದರ ಜೊತೆಗೆ ಬ್ರೌಸರಿನ ಸಣ್ಣಪುಟ್ಟ ಆಮಿಷಗಳನ್ನು ಒಮ್ಮೆ ಗುಡಿಸಿ ಹಾಕಿ. ಕ್ರೋಮ್‌ನ ಹೊಸ ಟ್ಯಾಬಿನಲ್ಲಿ ನೀವು ಹೆಚ್ಚು ತೆರೆಯುವ ತಾಣಗಳ ಚಿಹ್ನೆಗಳು ಸಾಲಾಗಿ ಕೂತಿರುತ್ತವೆ. ಕಸ್ಟಮೈಸ್ ಗುಂಡಿ ಒತ್ತಿ ಆ ಸಾಲನ್ನು ಮರೆಮಾಡಬಹುದು. ಫೋನಿನ ಕ್ರೋಮ್‌ನಲ್ಲಿ ಡಿಸ್ಕವರ್ ಹೆಸರಿನಲ್ಲಿ ಬರುವ ಸುದ್ದಿಗಳನ್ನು ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ ನಿಲ್ಲಿಸಬಹುದು. ಎಡ್ಜ್ ತೆರೆದ ಕೂಡಲೇ ಕಾಣುವ ಸುದ್ದಿಯ ರಾಶಿಯೂ ಹೀಗೆಯೇ ಹೋಗುತ್ತದೆ.

ಫೋನಿನ ವಿಷಯ ಬೇರೆ

ನಮ್ಮಲ್ಲಿ ಹೆಚ್ಚಿನವರ ಇಂಟರ್ನೆಟ್ ಎಂದರೆ ಫೋನು. ಅಲ್ಲಿ ತಾಣಗಳಿಗಿಂತ ಆ್ಯಪ್‌ಗಳದೇ ಕಾರುಬಾರು, ಹಾಗಾಗಿ ಬ್ರೌಸರ್ ಎಕ್ಸ್‌ಟೆನ್ಷನ್ ಅಲ್ಲಿ ಹೆಚ್ಚು ನಡೆಯದು. ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಒಂದೊಂದು ಆ್ಯಪ್‌ಗೂ ದಿನಕ್ಕೆ ಇಷ್ಟು ನಿಮಿಷ ಎಂದು ಮಿತಿ ಹಾಕಬಹುದು. ಮುಗಿದ ಕೂಡಲೇ ಆ್ಯಪ್‌ನ ಚಿಹ್ನೆ ಬೂದು ಬಣ್ಣಕ್ಕೆ ತಿರುಗಿ ಮಧ್ಯರಾತ್ರಿಯ ತನಕ ತೆರೆಯದು. ಅಲ್ಲೇ ಇರುವ ಫೋಕಸ್ ಮೋಡ್ ನನಗೆ ಇದಕ್ಕಿಂತ ಮೇಲು ಎನಿಸುತ್ತದೆ. ಆರಿಸಿದ ಆ್ಯಪ್‌ಗಳೆಲ್ಲ ಗೊತ್ತು ಮಾಡಿದ ವೇಳೆಗೆ ತಾವಾಗಿ ನಿಲ್ಲುತ್ತವೆ, ಅವುಗಳ ನೋಟಿಫಿಕೇಶನ್ ಕೂಡ ಬರುವುದಿಲ್ಲ. ದಿನಕ್ಕಿಷ್ಟು ನಿಮಿಷ ಎಂಬ ಮಿತಿ ಬೆಳಗಿನ ಓದಿನ ಹೊತ್ತಿನಲ್ಲೇ ಖರ್ಚಾಗಿ ಹೋಗಬಹುದು. ಇಂಥ ಹೊತ್ತಿನಿಂದ ಇಂಥ ಹೊತ್ತಿಗೆ ಎಂಬ ತಡೆ ಓದನ್ನು ಕಾಯುತ್ತದೆ.

ಇವೆರಡೂ ಸಡಿಲ ಬೀಗಗಳು ಎಂಬುದು ಮಾತ್ರ ನಿಜ. ಸೆಟ್ಟಿಂಗ್‌ಗೆ ಹೋಗಿ ಮಿತಿ ತೆಗೆದರೆ ಮುಗಿಯಿತು. ಐಫೋನ್‌ನ ಸ್ಕ್ರೀನ್ ಟೈಮ್‌ನಲ್ಲಿ ಮಿತಿ ಮುಗಿದಾಗ 'ಇವತ್ತಿಗೆ ಬಿಟ್ಟುಬಿಡು' ಎಂಬ ಆಯ್ಕೆಯೇ ಕಣ್ಣೆದುರು ಬರುತ್ತದೆ. ಆದರೆ ಸ್ಕ್ರೀನ್ ಟೈಮ್‌ಗೆ ಪ್ರತ್ಯೇಕ ಪಾಸ್‌ಕೋಡ್ ಇಡಲು ಬರುತ್ತದೆ, ಮಿತಿ ಮುಗಿದ ಮೇಲೆ ಪಾಸ್‌ಕೋಡ್ ಇಲ್ಲದೆ ತೆರೆಯದಂತೆ ಮಾಡಲೂ ಬರುತ್ತದೆ. ಆ ಪಾಸ್‌ಕೋಡನ್ನು ಹೆಂಡತಿಯೋ ಗಂಡನೋ ರೂಂಮೇಟೋ ಹಾಕಲಿ, ನಿಮಗೆ ಹೇಳದಿರಲಿ. ಇನ್ನೊಬ್ಬರನ್ನು "ಸ್ವಲ್ಪ ರೀಲ್ಸ್ ನೋಡ್ಬೇಕು, ನಂಬರ್ ಒತ್ತಿ" ಎಂದು ಕೇಳಬೇಕಾಗಿ ಬರುವುದಕ್ಕಿಂತ ಬಿಗಿಯಾದ ಬೀಗ ಫೋನಿನಲ್ಲಿ ಇಲ್ಲ.

ಬೇರೆ ಬಗೆಯ ಒಂದು ಆ್ಯಪ್ ಹೆಸರು ಹೇಳಲೇಬೇಕು: ಒನ್ ಸೆಕ್. ಇದು ತಡೆಯುವುದಿಲ್ಲ, ತಡಮಾಡುತ್ತದೆ. ಇನ್‌ಸ್ಟಾಗ್ರಾಂ ಒತ್ತಿದರೆ ಮೊದಲು ಒಂದು ದೀರ್ಘ ಉಸಿರು ಎಳೆದುಕೊಳ್ಳಲು ಹೇಳಿ, ಆಮೇಲೆ ನಿಜಕ್ಕೂ ತೆರೆಯಬೇಕೇ ಎಂದು ಕೇಳುತ್ತದೆ. ಜರ್ಮನಿಯ ಸಂಶೋಧಕರು 280 ಜನರ ಮೇಲೆ ಆರು ವಾರ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕೇಳಿದಾಗ ನೂರಕ್ಕೆ 36 ಸಲ ಜನ ತೆರೆಯದೆ ಹಿಂದಿರುಗಿದ್ದರು. ಪೂರ್ತಿ ಬೀಗ ಸಹಿಸದವರು ಇಲ್ಲಿಂದ ಆರಂಭಿಸಬಹುದು. ಲೀಚ್‌ಬ್ಲಾಕ್‌ನಲ್ಲೂ ತಾಣ ತೆರೆಯುವ ಮುನ್ನ ಇಂತಿಷ್ಟು ಸೆಕೆಂಡು ಕಾಯಿಸುವ ಪುಟ ಇದೆ.

ಎಲ್ಲಕ್ಕೂ ಮೊದಲು ಮಾಡಬಹುದಾದ ಕೆಲಸ ಆ್ಯಪ್ ಅನ್ನೇ ಫೋನಿನಿಂದ ತೆಗೆಯುವುದು. ಖಾತೆ ಅಳಿಸಬೇಕಿಲ್ಲ. ಫೇಸ್‌ಬುಕ್ಕೋ ಇನ್‌ಸ್ಟಾಗ್ರಾಮೋ ಬೇಕೆನಿಸಿದಾಗ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿ ನೋಡಿ, ಲಾಗೌಟ್ ಮಾಡಿ ಎದ್ದುಬನ್ನಿ. ವಾಟ್ಸ್‌ಆ್ಯಪ್ ಹಾಗೆ ತೆಗೆಯುವಂಥದ್ದಲ್ಲ. ಊರಿನ ಅಮ್ಮನ ಫೋನು, ಮಗುವಿನ ಶಾಲೆಯ ಸೂಚನೆ, ಗ್ಯಾಸ್ ಬುಕಿಂಗ್ ಎಲ್ಲ ಅದರಲ್ಲೇ. ಅದಕ್ಕೆ ಬೀಗ ಬೇಡ, ಗುಂಪುಗಳನ್ನು ಆರ್ಕೈವ್‌ಗೆ ಹಾಕಿ. ಸೆಟ್ಟಿಂಗ್‌ನಲ್ಲಿ ಆರ್ಕೈವ್ ಆದದ್ದು ಹೊಸ ಸಂದೇಶ ಬಂದರೂ ಅಲ್ಲೇ ಉಳಿಯುವಂತೆ ಮಾಡಬಹುದು. ಶುಭೋದಯದ ಹೂವುಗಳೂ ಮದುವೆ ಮನೆಯ ಫೋಟೊಗಳೂ ಅಲ್ಲಿ ಸೇರಿರುತ್ತವೆ, ಸಂಜೆ ಒಮ್ಮೆ ನೋಡಿದರಾಯಿತು. ಕೋಚಿಂಗ್ ಸೆಂಟರಿನ ಗುಂಪೊಂದನ್ನು ಹೊರಗಿಡಿ.

ಅನುಮತಿ ಕೊಡುವ ಮುನ್ನ

ತಾಣ ತಡೆಯುವ ಎಕ್ಸ್‌ಟೆನ್ಷನ್‌ಗೆ ನೀವು ಯಾವ ತಾಣ ತೆರೆಯುತ್ತಿದ್ದೀರಿ ಎಂದು ತಿಳಿಯಲೇಬೇಕು. ಅದಕ್ಕಾಗಿ 'ಎಲ್ಲ ತಾಣಗಳ ಮಾಹಿತಿ ಓದಲು, ಬದಲಿಸಲು' ಅನುಮತಿ ಕೇಳುತ್ತದೆ. ಇಷ್ಟು ದೊಡ್ಡ ಅನುಮತಿಯನ್ನು ಕಂಡಕಂಡವರಿಗೆ ಕೊಡುವಂತಿಲ್ಲ. ಒಳ್ಳೆಯ ಎಕ್ಸ್‌ಟೆನ್ಷನ್ ಕೂಡ ಕೈ ಬದಲಾದರೆ ಕೆಡಬಹುದು. ತೆರೆದಿಟ್ಟ ಟ್ಯಾಬುಗಳ ಭಾರ ಇಳಿಸುತ್ತಿದ್ದ ಗ್ರೇಟ್ ಸಸ್ಪೆಂಡರ್ ಬಹಳ ಜನಪ್ರಿಯವಾಗಿತ್ತು. ಅದನ್ನು ಬರೆದವರು ಬೇರೆಯವರಿಗೆ ಒಪ್ಪಿಸಿದ ಮೇಲೆ ಹೊಸ ಒಡೆಯರ ಕಾಲದಲ್ಲಿ ಹಾನಿಕಾರಕ ಕೋಡ್ ಸೇರಿದೆಯೆಂದು ಗೂಗಲ್ 2021ರ ಫೆಬ್ರವರಿಯಲ್ಲಿ ಅದನ್ನು ತೆಗೆದುಹಾಕಿತು. ಕೋಡ್ ಎಲ್ಲರಿಗೂ ತೆರೆದಿರುವ, ಹಲವು ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿರುವ ಲೀಚ್‌ಬ್ಲಾಕ್‌ನಂಥದ್ದನ್ನು ಆರಿಸಿ. ಬಳಸದ ಎಕ್ಸ್‌ಟೆನ್ಷನ್‌ಗಳನ್ನು ಆಗಾಗ ತೆಗೆದುಬಿಡಿ.

ಆ್ಯಂಡ್ರಾಯ್ಡ್‌ನ ಬ್ಲಾಕರ್ ಆ್ಯಪ್‌ಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಬಹಳಷ್ಟು ಆ್ಯಪ್‌ಗಳು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಅಂಧರಿಗೆ ಪರದೆ ಓದಿ ಹೇಳುವಂಥ ನೆರವಿಗೆಂದು ಇರುವ ಸೌಲಭ್ಯ ಅದು. ಕೊಟ್ಟರೆ ಆ ಆ್ಯಪ್ ನಿಮ್ಮ ಪರದೆಯ ಮೇಲಿರುವುದನ್ನೆಲ್ಲ ಓದಬಲ್ಲದು. ಯುಪಿಐ, ಬ್ಯಾಂಕ್ ಆ್ಯಪ್ ಇರುವ ಫೋನಿನಲ್ಲಿ ಹೆಸರು ಕೇಳದ ಆ್ಯಪ್‌ಗೆ ಇದನ್ನು ಕೊಡಬೇಡಿ. ಕೆಲವು ಬ್ಲಾಕರ್‌ಗಳು ವಿಪಿಎನ್ ಮೂಲಕ ಕೆಲಸ ಮಾಡುತ್ತವೆ. ಒಂದು ಹೊತ್ತಿಗೆ ಒಂದೇ ವಿಪಿಎನ್ ನಡೆಯುವುದರಿಂದ ಆಫೀಸಿನ ವಿಪಿಎನ್ ಬಳಸುವವರಿಗೆ ಅದು ಸರಿಹೋಗದು. ಫೋನಿನಲ್ಲಿ ಮೊದಲೇ ಇರುವ ಫೋಕಸ್ ಮೋಡ್ ಸಡಿಲವಾದರೂ ಈ ಭಯ ಅದಕ್ಕಿಲ್ಲ.

ಪಟ್ಟಿ ಮಾಡುವಾಗ ಬಿಡಬೇಕಾದವನ್ನೂ ಬರೆದುಕೊಳ್ಳಿ. ಪರೀಕ್ಷಾ ಪ್ರಾಧಿಕಾರದ ತಾಣ, ಕೆಪಿಎಸ್‌ಸಿ ತಾಣ, ಡಿಜಿಲಾಕರ್, ಇಮೇಲ್, ಬ್ಯಾಂಕು ಇವು ಯಾವ ಬೀಗದೊಳಗೂ ಬೀಳಬಾರದು. ಸಿಇಟಿ ಸೀಟು ಆಯ್ಕೆಯ ಕೊನೆಯ ದಿನ, ಹಾಲ್ ಟಿಕೆಟ್ ಇಳಿಸಿಕೊಳ್ಳುವ ದಿನ ಬಿಗಿ ಬೀಗ ಹಾಕಲೇಬೇಡಿ. ಓದುವಾಗ ನಡುವೆ ಹುಡುಕಬೇಕೆನಿಸಿದ್ದನ್ನು ಪಕ್ಕದ ಹಾಳೆಯ ಮೇಲೆ ಗೀಚಿಟ್ಟು ಮುಂದುವರಿಯಿರಿ, ತಡೆ ತೆರೆದ ಮೇಲೆ ಎಲ್ಲವನ್ನೂ ಒಟ್ಟಿಗೆ ಹುಡುಕಬಹುದು. ಹಾಳೆಯ ಅರ್ಧ ಪ್ರಶ್ನೆಗಳು ಆ ಹೊತ್ತಿಗೆ ಬೇಡವಾಗಿರುತ್ತವೆ.

ಮೊದಲ ದಿನವೇ ಇಡೀ ದಿನಕ್ಕೆ ಬೀಗ ಹಾಕುವವರು ಸಂಜೆಯೊಳಗೆ ಒಡೆಯುತ್ತಾರೆ. ಲೆಕ್ಕದ ವಾರದಲ್ಲಿ ನಿಮ್ಮ ಅಪಾಯದ ಹೊತ್ತು ಯಾವುದೆಂದು ಕಂಡಿತ್ತೋ ಆ ಒಂದಕ್ಕೆ, ಒಂದೂವರೆ ಗಂಟೆ ಮಾತ್ರ ಹಾಕಿ. ಒಂದು ವಾರ ಒಡೆಯದೆ ನಡೆದರೆ ಇನ್ನರ್ಧ ಗಂಟೆ ಸೇರಿಸಿ. ಒಡೆದಿರಾದರೆ ತಂತ್ರಾಂಶ ಕಿತ್ತು ಹಾಕಬೇಡಿ, ಯಾವ ದಾರಿಯಿಂದ ಹೊರಬಂದಿರಿ ನೋಡಿ: ಬೇರೆ ಬ್ರೌಸರಿನಿಂದಾದರೆ ಅಲ್ಲೂ ಹಾಕಿ, ಸೆಟ್ಟಿಂಗ್‌ನಿಂದಾದರೆ 64 ಅಕ್ಷರದ ಸಾಲು ಸೇರಿಸಿ, ಫೋನಿನಿಂದಾದರೆ ಆ ಒಂದೂವರೆ ಗಂಟೆ ಫೋನು ಪಕ್ಕದ ಕೋಣೆಯಲ್ಲಿ ಚಾರ್ಜಿಗಿರಲಿ.